ಚಿಂದಿ ಚೀಲದ ಚರಿತ್ರೆ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಏನಾದರೂ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಹೊಲಿಗೆ ಕೆಲಸದ ನಾವು ನಾಲ್ಕಾರು ಮಂದಿ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಷೇರು ಎಷ್ಟು, ಠೇವಣಿ ಎಷ್ಟು, ಸಾಲ ವಸೂಲಿ ಎಷ್ಟು ಎಂಬುದನ್ನೆಲ್ಲ ಕಾರ್ಯದರ್ಶಿಗಳು ಇದೇ ಸಂಚಿಕೆಯಲ್ಲಿ ಬರೆಯುತ್ತಾರೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ಸಹಕಾರ ಸಪ್ತಾಹದ ಭಾಷಣದಲ್ಲಿ ಪ್ರತಿವರ್ಷ ಕೇಳುತ್ತಲೇ ಇದ್ದೇವೆ. ಇನ್ನು ನಮಗೆ ಗೊತ್ತಿರುವ ಚರಿತ್ರೆ ಅಂತ ಉಳಿದದ್ದು ಒಂದೇ. ಕಚೇರಿಯ ಹಿಂದಿನ ಕೋಣೆಯಲ್ಲಿ, ಬಾಗಿಲ ಮರೆಗೆ ಮೊಳೆಗೆ ನೇತುಹಾಕಿದ ಗೋಣಿಚೀಲ. ಅದರ ತುಂಬ ಅರಿವೆ ಚೂರು. ಜಂಪರು ಹೊಲಿದು ಮಿಕ್ಕದ್ದು, ಲಂಗದ ಅಂಚು, ಪೈಜಾಮದ ಕಾಲು, ಅಷ್ಟಿಷ್ಟು ಜೀನ್ಸು. ಅದನ್ನೇ ಬರೆಯುತ್ತೇವೆ ಅಂದೆವು. ಸಂಪಾದಕರು ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಈಗ ಪಟ್ಟಣದ ಕಡೆ ಈ ಚೂರುಗಳಿಗೆ ಹೊಸ ಮರ್ಯಾದೆ ಬಂದಿದೆ. ಮುಖ ಒರೆಸುವ ಹತ್ತಿಯ ಬದಲು ತೊಳೆದು ತೊಳೆದು ಬಳಸುವ ಅರಿವೆಯ ಬಿಲ್ಲೆ, ರಬ್ಬರ್ ಬ್ಯಾಂಡಿನ ಬದಲು ಬಟ್ಟೆ ಸುತ್ತಿದ ಕೂದಲ ಪಟ್ಟಿ, ಪೌಡರು ಕಾಡಿಗೆ ಇಟ್ಟುಕೊಳ್ಳುವ ಪುಟ್ಟ ಚೀಲ. ಮನೆಯ ಕಸ ಕಡಿಮೆಯಾಗಲಿ ಅಂತ ಇವನ್ನು ಮಾಡಿ ಎಂದು ಕಲಿಸುವವರೂ ಇದ್ದಾರೆ. ಸಂತೋಷವೇ. ಆದರೆ ಇದನ್ನು ಹೊಸದಾಗಿ ಯಾರೋ ಕಂಡುಹಿಡಿದರು ಎಂಬ ಹಾಗೆ ಮಾತಾಡುವಾಗ ನಮಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಸಂಡೂರು ಸೀಮೆಯಲ್ಲಿ ನಿಂತು ಅರಿವೆ ಚೂರಿನ ಸಿಂಗಾರವನ್ನು ಹೊಸದು ಅನ್ನೋದು ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿ ಇಲ್ಲಿ ಕಲ್ಲು ಸಿಗ್ತದಾ ಅಂತ ಕೇಳಿದ ಹಾಗೆ.

ಮೊದಲು ನಮ್ಮ ನಮ್ಮ ಮನೆಯ ಮಾತು. ನಮ್ಮ ಅಜ್ಜಿಯರ ಕಾಲಕ್ಕೆ ಒಂದು ಸೀರೆ ಮನೆಗೆ ಬಂದರೆ ಅದು ಮನೆ ಬಿಟ್ಟು ಹೋಗುತ್ತಿದ್ದದ್ದು ಬೂದಿಯಾಗಿಯೋ ಮಣ್ಣಾಗಿಯೋ. ಉಟ್ಟು ಹಳೆಯದಾದ ಮೇಲೆ ಕೂಸಿನ ಜೋಳಿಗೆ, ಆಮೇಲೆ ಹಾಸೋದಕ್ಕೆ ಹೊದೆಯೋದಕ್ಕೆ ಕೌದಿ, ಕೌದಿಯೂ ಹರಿದರೆ ಒಲೆ ಮೇಲಿನ ಪಾತ್ರೆ ಇಳಿಸುವ ಅರಿವೆ, ಕೊನೆಗೆ ನೆಲ ಒರೆಸುವುದು. ಈ ಸಾಲಿನಲ್ಲಿ ಸಿಂಗಾರದ್ದೂ ಒಂದು ಪಾಲಿತ್ತು ಅನ್ನುವುದನ್ನು ಜನ ಮರೆಯುತ್ತಾರೆ. ಒಳ್ಳೆಯ ಖಣದ ಚೂರು, ಇಳಕಲ್ ಸೀರೆಯ ಸೆರಗಿನ ತುಂಡು ಸಿಕ್ಕರೆ ಅದು ಕೌದಿಗೆ ಹೋಗುತ್ತಿರಲಿಲ್ಲ. ಅದರಿಂದ ಎಲೆಯಡಿಕೆ ಚಂಚಿ ಆಗುತ್ತಿತ್ತು. ಮೂರು ಅಥವಾ ನಾಲ್ಕು ಜೇಬು, ಎಳೆದರೆ ಬಾಯಿ ಮುಚ್ಚುವ ಲಾಡಿ, ಲಾಡಿಯ ತುದಿಗೆ ಗೊಂಡೆ. ಹೆಸರಿಗೆ ಎಲೆಯಡಿಕೆಯದು, ಒಳಗೆ ಚಿಲ್ಲರೆ, ಕುಂಕುಮದ ಸಣ್ಣ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಒಂದು ಸಣ್ಣ ಕನ್ನಡಿ. ಈಗಿನವರು ಕೈಯಲ್ಲಿ ಹಿಡಿದು ತಿರುಗುವ ಮೇಕಪ್ ಚೀಲವೇ ಅದು, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು ಅಷ್ಟೇ ವ್ಯತ್ಯಾಸ.

ಕಾಡಿಗೆಯ ಸಂಗತಿ ಇನ್ನೂ ಚೆನ್ನಾಗಿದೆ. ಕಾಡಿಗೆ ಹುಟ್ಟುವುದೇ ಅರಿವೆ ಚೂರಿನಿಂದ. ತಾತನ ಹಳೆಯ ಧೋತ್ರದ ಬಿಳಿ ತುಂಡು ಹರಿದುಕೊಳ್ಳಬೇಕು. ಬಣ್ಣದ್ದು ಕೂಡದು, ಗಂಜಿ ಹಾಕಿದ್ದೂ ಕೂಡದು. ಅದನ್ನು ಗರುಗದ ಸೊಪ್ಪಿನ ರಸದಲ್ಲಿ ನೆನೆಸಿ ನೆರಳಲ್ಲಿ ಒಣಗಿಸಬೇಕು. ಮತ್ತೆ ನೆನೆಸಬೇಕು, ಮತ್ತೆ ಒಣಗಿಸಬೇಕು. ಆ ಗಿಡಕ್ಕೆ ಕಾಡಿಗ್ಗರಗ ಎಂಬ ಹೆಸರೇ ಇದೆ ನೋಡಿ. ಕೆಲವರು ನಂದಿಬಟ್ಟಲು ಹೂವಿನ ರಸವನ್ನೂ ಹಾಕುತ್ತಿದ್ದರು. ಒಣಗಿದ ಅರಿವೆಯನ್ನು ಬತ್ತಿ ಹೊಸೆದು ಹರಳೆಣ್ಣೆ ದೀಪಕ್ಕೆ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದರೆ ಬೆಳಗಾಗುವ ಹೊತ್ತಿಗೆ ತಟ್ಟೆಗೆ ಮಸಿ ಕಟ್ಟಿರುತ್ತದೆ. ಅದನ್ನು ಕೆರೆದು ಬೆಣ್ಣೆಯಲ್ಲೋ ತುಪ್ಪದಲ್ಲೋ ಕಲೆಸಿದರೆ ಕಾಡಿಗೆ. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಬೇಡಿ ಎಂದು ಈಗ ಡಾಕ್ಟರರು ಹೇಳುತ್ತಾರೆ, ಅದನ್ನು ಕೇಳುವುದೇ ಸರಿ. ನಾವು ಹೇಳಹೊರಟದ್ದು ಔಷಧಿಯ ಮಾತಲ್ಲ. ಒಂದು ಗೇಣು ಹರಕು ಧೋತ್ರ ಕಣ್ಣಿನ ಅಂಚಿಗೆ ಬರುವ ತನಕದ ದಾರಿಯ ಮಾತು.

ಹೀಗೆಯೇ ವಸ್ತ್ರಗಾಳಿತ. ಕಡಲೆಹಿಟ್ಟು, ಅರಿಶಿನ, ಸೀಗೆಪುಡಿ ಯಾವುದೇ ಆಗಲಿ ಮೈಗೆ ಮುಖಕ್ಕೆ ಹಚ್ಚುವುದಾದರೆ ತೆಳ್ಳನೆಯ ಹಳೆಯ ಮಲ್ಲು ಪಂಚೆಯ ತುಂಡನ್ನು ಪಾತ್ರೆಯ ಬಾಯಿಗೆ ಕಟ್ಟಿ ಅದರ ಮೇಲೆ ಜಾಲಿಸುತ್ತಿದ್ದರು. ಹೊಸ ಅರಿವೆ ಇದಕ್ಕೆ ಬರುವುದಿಲ್ಲ. ನೂರು ಸಲ ಒಗೆದು ಸವೆದ ಅರಿವೆಯೇ ಬೇಕು. ಮುಖ ಒರೆಸುವುದಕ್ಕೂ ಅಷ್ಟೆ. ಹಳೆಯದಾದಷ್ಟೂ ಮೆತ್ತಗೆ. ಹಳೆಯ ಅರಿವೆ ಬಡತನಕ್ಕಾಗಿ ಬಳಸಿದರು ಅಂತ ಹೇಳುವವರಿಗೆ ಇದು ಗೊತ್ತಿರುವುದಿಲ್ಲ. ಕೆಲವು ಕೆಲಸಕ್ಕೆ ಹಳೆಯದೇ ಮೇಲು.

ಇದೆಲ್ಲ ಊರೊಳಗಿನ ಮಾತಾಯಿತು. ಊರಾಚೆಗೆ, ತಾಂಡಾದ ಕಡೆ ಹೋದರೆ ಚೂರಿನ ಲೆಕ್ಕವೇ ಬೇರೆ.

ನಮ್ಮ ಸುತ್ತಲ ಲಂಬಾಣಿಗರ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದವರು. ರಾಜರ ದಂಡಿಗೆ ಧಾನ್ಯ ಒದಗಿಸುತ್ತಿದ್ದದ್ದು ಇವರ ಹೇರೆತ್ತುಗಳೇ. ಸದಾ ನಡೆಯುವ ಜನಕ್ಕೆ ಪೆಟ್ಟಿಗೆ ಪೆಟಾರಿ ಎಲ್ಲಿಂದ ಬರಬೇಕು? ಇದ್ದ ಸಿರಿಯನ್ನೆಲ್ಲ ಮೈಮೇಲೇ ಹೊತ್ತರು. ರೈಲು ಬಂದ ಮೇಲೆ ಎತ್ತಿನ ವ್ಯಾಪಾರ ಕುಸಿಯಿತು. ಅದರ ಮೇಲೆ 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ, ಅಲೆಯುವ ಜನರನ್ನೆಲ್ಲ ಕಳ್ಳರ ಪಟ್ಟಿಗೆ ಸೇರಿಸುವ ಕಾಯಿದೆ. ಹಲವು ಕಡೆ ಲಂಬಾಣಿಗರನ್ನೂ ಆ ಪಟ್ಟಿಗೆ ಸೇರಿಸಿದರು. ಅದು ಪೂರ್ತಿ ರದ್ದಾದದ್ದು 1952ರಲ್ಲಿ. ಅಷ್ಟರಲ್ಲಿ ಸಂಡೂರು ಸಂಸ್ಥಾನವೂ 1949ರಲ್ಲಿ ಭಾರತದಲ್ಲಿ ವಿಲೀನವಾಗಿ ಮದರಾಸು ಪ್ರಾಂತಕ್ಕೆ ಸೇರಿತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂದೆವು. ಎತ್ತು ಹೋಯಿತು, ಸಂಸ್ಥಾನ ಹೋಯಿತು. ಮೈಮೇಲಿನ ಅರಿವೆ ಮಾತ್ರ ಉಳಿಯಿತು.

ಆ ಅರಿವೆ ಹೇಗಿತ್ತು ಎಂಬುದನ್ನು ನೋಡಿದವರೇ ಬಲ್ಲರು. ಫೇಟಿಯಾ ಎಂದರೆ ಲಂಗ, ಕಾಂಚಳಿ ಎಂದರೆ ಬೆನ್ನಿಲ್ಲದ ಕುಪ್ಪಸ, ಮೇಲೆ ತಲೆಯಿಂದ ಇಳಿಬಿಡುವ ಹೊದಿಕೆ. ಒಂದು ಕಾಂಚಳಿಯನ್ನು ಬಿಚ್ಚಿ ನೋಡಿದರೆ ಬೊಗಸೆಯಗಲದ ಇಡೀ ಅರಿವೆ ಒಂದೂ ಸಿಗಲಿಕ್ಕಿಲ್ಲ. ಎಲ್ಲ ಚೂರು, ಚೂರಿಗೆ ಚೂರು ಜೋಡಿಸಿದ್ದು. ಕೆಂಪಿನ ಪಕ್ಕ ನೀಲಿ, ನೀಲಿಯ ಪಕ್ಕ ಹಳದಿ ತ್ರಿಕೋನ. ಸೇರಿಕೆಯ ಗೆರೆ ಕಾಣಬಾರದು ಅಂತ ಅದರ ಮೇಲೆ ದಾರದ ಕಸೂತಿ. ಕನ್ನಡಿ ಚೂರು, ಕವಡೆ, ಹಳೆಯ ನಾಣ್ಯ, ಮಣಿ, ಉಣ್ಣೆಯ ಗೊಂಡೆ. ಕಿಲಣ್, ವೇಲೆ, ಮಾಕಿ, ರೇಲೋ, ನಾಕ್ರಾ ಹೀಗೆ ಸಂಡೂರು ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆ ಎಣಿಸುತ್ತಾರೆ. ಅದರಲ್ಲಿ ಒಂದರ ಹೆಸರು ಕೌದಿ ಎಂದೇ ಇದೆ. ಊರೊಳಗಿನ ಅಜ್ಜಿಯ ಕೌದಿಗೂ ತಾಂಡಾದ ಯಾಡಿಯ ಕಾಂಚಳಿಗೂ ನಡುವೆ ಒಂದು ಎಳೆ ಹೋಗಿ ಬಂದಿದೆ ಅನ್ನಲಿಕ್ಕೆ ನಮಗೆ ಇಷ್ಟು ಸಾಕು.

ಜಡೆಯದ್ದೂ ಹೇಳಲೇಬೇಕು. ಲಂಬಾಣಿ ಹೆಂಗಸರು ಕೆನ್ನೆಯ ಎರಡು ಬದಿಗೆ ಜೋತುಬೀಳುವ ಬೆಳ್ಳಿಯ ಘುಗ್ರಿಯನ್ನು ಕೂದಲಿಗೇ ಹೆಣೆಯುತ್ತಾರೆ, ಜೊತೆಗೆ ದಾರದ ಕುಚ್ಚು. ನಮ್ಮಲ್ಲಿ ಉದ್ದ ಕೂದಲಿಲ್ಲದವರು ಕಪ್ಪು ದಾರದ ಜಡೆಕುಚ್ಚು ಹೆಣೆದು ಮೂರೆಳೆ ಮಾಡಿಕೊಳ್ಳುತ್ತಿದ್ದರು. ಕೂದಲಿಗೆ ಅರಿವೆ ಮತ್ತು ದಾರ ಕಟ್ಟುವುದರಲ್ಲಿ ಲಾಭ ಏನೆಂದರೆ ಕೂದಲು ಹರಿಯುವುದಿಲ್ಲ. ರಬ್ಬರ್ ಬ್ಯಾಂಡು ಬಿಚ್ಚುವಾಗ ಹತ್ತು ಕೂದಲನ್ನಾದರೂ ಕಿತ್ತುಕೊಂಡೇ ಬರುತ್ತದೆ. ಇದೇ ತೊಂದರೆಗೆ ಅಮೆರಿಕದ ರಾಮಿ ರೆವ್ಸನ್ ಎಂಬ ಗಾಯಕಿ ಎಲಾಸ್ಟಿಕ್ ಸುತ್ತ ಸಡಿಲವಾಗಿ ಅರಿವೆ ಹೊದಿಸಿದ ಒಂದು ಪಟ್ಟಿ ಮಾಡಿಕೊಂಡರು. ಪೈಜಾಮದ ಸೊಂಟದ ಪಟ್ಟಿ ನೋಡಿ ಹೊಳೆದದ್ದಂತೆ! 1987ರಲ್ಲಿ ಅದಕ್ಕೆ ಪೇಟೆಂಟೂ ಪಡೆದರು. ಸಾಕಿದ ನಾಯಿಯ ಹೆಸರನ್ನು ಅದಕ್ಕಿಟ್ಟರು. ಈಗ ಬಳೆ ಅಂಗಡಿಯಲ್ಲಿ ಸ್ಕ್ರಂಚಿ ಅಂತ ಮಾರುವುದು ಅದೇ. ಆ ತಾಯಿಯ ಬುದ್ಧಿಯನ್ನು ಮೆಚ್ಚಬೇಕು. ನಮ್ಮ ಯಾಡಿಯರು ಪೇಟೆಂಟ್ ಕೇಳಲಿಲ್ಲ, ಕೇಳಬೇಕು ಅಂತ ಅವರಿಗೆ ಯಾರೂ ಹೇಳಲೂ ಇಲ್ಲ.

ಚೂರು ಜೋಡಿಸುವುದು ನಮ್ಮೊಬ್ಬರದೇ ಸ್ವತ್ತು ಎಂದು ನಾವು ಬೀಗುತ್ತಿಲ್ಲ. ಬಂಗಾಳದಲ್ಲಿ ಕಾಂಥಾ ಇದೆ, ಜಪಾನಿನ ರೈತರಲ್ಲಿ ಬೋರೋ ಇದೆ. ನಮ್ಮದೇ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ನಾಲ್ಕು ಮೂಲೆಗೂ ಫುಲಾ ಎಂಬ ಹೂವಿನ ಚೂರು ಇರಲೇಬೇಕು. ಅದಿಲ್ಲದಿದ್ದರೆ ಕವಂದಿ ಬತ್ತಲೆ ಅನ್ನುತ್ತಾರೆ. ಎಂಥ ಮಾತು ನೋಡಿ! ಹೊದೆಯುವ ಅರಿವೆಗೂ ಒಂದು ಸಿಂಗಾರ ಬೇಕು, ಬರೀ ಬೆಚ್ಚಗಿದ್ದರೆ ಸಾಲದು.

ಇನ್ನೂ ಹಳೆಯ ಕಥೆ ಬೇಕೆಂದರೆ ಬುದ್ಧನ ಶಿಷ್ಯ ಆನಂದನದು. ವಿನಯಪಿಟಕದಲ್ಲಿ ಬರುತ್ತದೆ. ಉದಯನ ರಾಜನ ಅಂತಃಪುರದವರು ಆನಂದನಿಗೆ ಐನೂರು ಚೀವರ ದಾನ ಕೊಟ್ಟರು. ಸನ್ಯಾಸಿಗೆ ಇಷ್ಟೊಂದು ಅರಿವೆ ಯಾಕೆ, ವ್ಯಾಪಾರ ಮಾಡ್ತಾನಾ ಅಂತ ರಾಜನಿಗೆ ಅನುಮಾನ. ಕೇಳಿಯೇ ಬಿಟ್ಟ. ಬಟ್ಟೆ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎಂದ ಆನಂದ. ಹಳೆಯ ಚೀವರ ಏನು ಮಾಡ್ತೀರಿ? ಮೇಲುಹಾಸು. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಆಮೇಲೆ ಕಾಲೊರಸು, ಆಮೇಲೆ ಧೂಳು ಹೊಡೆಯುವ ಅರಿವೆ. ಅದೂ ಹರಿದ ಮೇಲೆ ಕುಟ್ಟಿ ಮಣ್ಣಿನಲ್ಲಿ ಕಲೆಸಿ ನೆಲ ಸಾರಿಸುತ್ತೇವೆ ಎಂದನಂತೆ. ರಾಜ ಮೆಚ್ಚಿ ಇನ್ನೂ ಐನೂರು ಕೊಟ್ಟ. ಕಥೆ ಓದಿ ನಮ್ಮಲ್ಲೊಬ್ಬರು, ‘ಇದು ನಮ್ಮತ್ತಿ ಲೆಕ್ಕನ ಬಿಡ್ರಿ, ಐನೂರು ಮಾತ್ರ ಯಾರೂ ಕೊಡಲಿಲ್ಲ’ ಅಂದರು.

ಈ ಲೆಕ್ಕ ತಪ್ಪಿದ್ದು ಯಾವಾಗ? ಒಂದು ದಿನದಲ್ಲಿ ತಪ್ಪಲಿಲ್ಲ. ಟೆರಿಲಿನ್, ಪಾಲಿಯೆಸ್ಟರ್ ಬಂದದ್ದು ಮೊದಲ ಪೆಟ್ಟು. ಒಗೆಯಲು ಸುಲಭ, ಇಸ್ತ್ರಿ ಬೇಡ, ಹರಿಯುವುದಿಲ್ಲ. ಹರಿಯದ ಅರಿವೆಗೆ ಹಳೆಯದಾಗುವ ಗುಣವೇ ಇಲ್ಲ. ನೀರು ಹೀರದು, ಮುಖ ಒರೆಸಲು ಬಾರದು, ಬತ್ತಿ ಹೊಸೆದರೆ ಉರಿಯುವ ಬದಲು ಕರಗಿ ತೊಟ್ಟಿಕ್ಕುತ್ತದೆ, ನೆಲಕ್ಕೆ ಹಾಕಿದರೆ ಕೊಳೆಯದು. ಎರಡನೆಯದು ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ನಾಲ್ಕು ಸೀರೆಗೆ ಒಂದು ಡಬ್ಬಿ. ನಮ್ಮವ್ವಂದಿರು ಚೌಕಾಸಿ ಮಾಡಿ ಗೆದ್ದೆವು ಅಂತ ಒಳಗೆ ಬಂದರು. ಡಬ್ಬಿ ಇನ್ನೂ ಇದೆ, ಕೌದಿ ಹೊಲಿಯುವ ಅರಿವೆ ಮಾತ್ರ ಮನೆಯಲ್ಲಿ ಉಳಿಯಲಿಲ್ಲ. ಮೂರನೆಯದು ಅಂಗಡಿಯ ಸರ. 1980ರ ದಶಕದಲ್ಲಿ ತಮಿಳುನಾಡಿನ ಕಡೆಯಿಂದ ಶಾಂಪೂ ಪುಡಿಕೆಗಳು ಹಬ್ಬಿದವು. ಸೀಗೆಕಾಯಿ ಕುಟ್ಟುವ ಕಷ್ಟ ತಪ್ಪಿತು, ಸುಳ್ಳು ಯಾಕೆ ಹೇಳೋಣ, ನಾವೂ ಕೊಂಡವರೇ. ಆದರೆ ಸೀಗೆಯ ಗಷ್ಟು ಬಚ್ಚಲಿನ ಗಿಡಕ್ಕೆ ಹೋಗುತ್ತಿತ್ತು, ಪುಡಿಕೆಯ ಪ್ಲಾಸ್ಟಿಕ್ ನಾರಿಹಳ್ಳಕ್ಕೆ ಹೋಗುತ್ತದೆ. ಕಿವಿಗೆ ಹಾಕುವ ಪ್ಲಾಸ್ಟಿಕ್ ಕಡ್ಡಿಯ ಹತ್ತಿಯನ್ನೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದ ಪಟ್ಟಿಯಲ್ಲಿ ಸೇರಿಸಬೇಕಾಯಿತು ಅಂದರೆ ಸಿಂಗಾರದ ಕಸವೂ ಎಷ್ಟಾಗಿದೆ ಎಂದು ಊಹಿಸಿ.

ನಮ್ಮ ಸೀಮೆಗೆ ಬೇರೆಯದೇ ಒಂದು ಕಾರಣವೂ ಇತ್ತು. ಅದು ಕೆಂಧೂಳು. 2000ದ ನಂತರ ಅದಿರಿಗೆ ಬೆಲೆ ಬಂದಾಗ ಲಾರಿಗಳ ಸಾಲು ಹಗಲು ರಾತ್ರಿ ನಿಲ್ಲಲಿಲ್ಲ. ಗಿಡ, ಗೋಡೆ, ಎಮ್ಮೆ ಎಲ್ಲ ಕೆಂಪು. ಕೂಲಿಗೆ ಹೋದ ಹೆಂಗಸರು ಮುಖಕ್ಕೆ ಅರಿವೆ ಸುತ್ತಿ ಕಣ್ಣಷ್ಟೇ ಬಿಟ್ಟುಕೊಂಡು ದುಡಿದರು. ಸಂಜೆ ಬಂದು ಒದ್ದೆ ಅರಿವೆಯಲ್ಲಿ ಮುಖ ಒರೆಸಿದರೆ ಅರಿವೆ ಕುಂಕುಮದ ನೀರಲ್ಲಿ ಅದ್ದಿದ ಹಾಗೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಧೂಳು ನಿಂತಿತು, ಕೂಲಿಯೂ ನಿಂತಿತು. ಎರಡನ್ನೂ ಒಟ್ಟಿಗೆ ಕಂಡವರು ನಾವು. ಮುಖ ಒರೆಸುವ ಬಿಲ್ಲೆಯನ್ನು ಯಾರಾದರೂ ಶೋಕಿ ಅಂದರೆ ನಮಗೆ ಆ ಕೆಂಪು ಅರಿವೆ ನೆನಪಾಗುತ್ತದೆ.

ಈಗ ಹೇಳಲು ಮನಸ್ಸಿಗೆ ಕಷ್ಟವಾಗುವ ಸಂಗತಿಗೆ ಬರೋಣ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪರದೇಶದವರು ಬರುವುದು ಹೆಚ್ಚಿತು. ಅವರಿಗೆ ಲಂಬಾಣಿ ಕಸೂತಿ ಅಂದರೆ ಪ್ರಾಣ. ಆದರೆ ಅವರಿಗೆ ಕಾಂಚಳಿ ಬೇಡ, ಫೇಟಿಯಾ ಬೇಡ. ಚೀಲ ಬೇಕು, ದಿಂಬಿನ ಗವಸು ಬೇಕು, ಗೋಡೆಗೆ ತೂಗುಹಾಕುವುದು ಬೇಕು. ಹಾಗಾಗಿ ಹಳೆಯ ಉಡುಪುಗಳಿಗೆ ಕತ್ತರಿ ಬಿತ್ತು. ತಾಂಡಾಗಳಿಂದ ಹಳೆಯ ಬಟ್ಟೆ ಕೊಂಡು, ಕತ್ತರಿಸಿ, ಚೌಕ ಚೌಕ ಜೋಡಿಸಿ ಮಾರಿದರು. ಹಂಪಿ ಬಜಾರಿನಲ್ಲಿಯೂ, ಅತ್ತ ಗೋವಾದ ಸಮುದ್ರದಂಡೆಯ ಸಂತೆಗಳಲ್ಲಿಯೂ. ಮಾರಿದವರಲ್ಲಿ ಲಂಬಾಣಿ ಹೆಂಗಸರೂ ಇದ್ದರು, ಹೊಟ್ಟೆಪಾಡು, ಅವರನ್ನು ನಾವು ಅನ್ನಲಾರೆವು. ಹಳೆಯ ಅರಿವೆಗೆ ಹೊಸ ಬಾಳು ಅಂತ ಕೊಂಡವರು ಖುಷಿಪಟ್ಟರು. ನಿಜ ಏನು? ಚೂರು ಕೂಡಿಸಿ ಇಡೀದು ಮಾಡುವುದು ನಮ್ಮ ಹಿರಿಯರ ವಿದ್ಯೆ. ಇಲ್ಲಿ ಇಡೀದನ್ನೇ ಕತ್ತರಿಸಿ ಚೂರು ಮಾಡಿದರು. ತಾಯಿ ಮಗಳ ಮದುವೆಗೆಂದು ವರ್ಷಗಟ್ಟಲೆ ಹೊಲಿದದ್ದು ಗಳಿಗೆಯಲ್ಲಿ ಎಂಟು ತುಂಡಾಯಿತು. ಅದನ್ನು ನೋಡಿ ಕಲಿಯಬೇಕಾದ ಮೊಮ್ಮಕ್ಕಳಿಗೆ ಮಾದರಿಯೇ ಇಲ್ಲದೆ ಹೋಯಿತು. ಉಳಿಸುವ ಹೆಸರಲ್ಲಿ ಆದ ನಷ್ಟ ಇದು. ಕಸ ಕಡಿಮೆ ಮಾಡುವ ಮಾತಾಡುವವರು ಇದನ್ನೂ ಗಮನಕ್ಕೆ ತಂದುಕೊಳ್ಳಬೇಕು ಎಂಬುದು ನಮ್ಮ ವಿನಂತಿ.

ಪುಣ್ಯಕ್ಕೆ ಸಂಡೂರಿನಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರದವರು ತಾಂಡಾದ ಹೆಂಗಸರಿಗೆ ಹೊಸ ಅರಿವೆ, ದಾರ ಕೊಟ್ಟು ಹಳೆಯ ಹೊಲಿಗೆಯನ್ನು ಹೊಸ ಸಾಮಾನಿನ ಮೇಲೆ ಹಾಕಿಸಿದರು. ಸುಶೀಲಾನಗರದಂಥ ಕಡೆ ಮನೆಯಲ್ಲಿ ಕೂತೇ ಹೆಂಗಸರು ಸೂಜಿ ಹಿಡಿದರು. 2004 ಮತ್ತು 2012ರಲ್ಲಿ ಯುನೆಸ್ಕೋದ ಶ್ರೇಷ್ಠತೆಯ ಮುದ್ರೆ ಸಿಕ್ಕಿತು, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. 2023ರ ಜುಲೈ 10ರಂದು, ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಈ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ಕಸೂತಿ ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಚಿಕ್ಕ ಚಿಕ್ಕ ಬಿಸಾಡಿದ ಅರಿವೆಯನ್ನು ಜೋಡಿಸಿ ಅಂದದ ವಸ್ತು ಮಾಡುವ ಈ ಪದ್ಧತಿ ಪರಿಸರಕ್ಕೆ ಹೊಂದುವಂಥದ್ದು ಎಂದು ಅಂದು ಸರ್ಕಾರದವರೂ ಹೊಗಳಿದರು. ಪತ್ರಿಕೆಯಲ್ಲಿ ಚಿತ್ರ ನೋಡಿ ನಮ್ಮ ಎದೆಯೂ ಉಬ್ಬಿತು. ದಾಖಲೆ ದೊಡ್ಡದೇ. ಆದರೂ ನಮ್ಮ ಕಣ್ಣಿಗೆ ಅದಕ್ಕಿಂತ ದೊಡ್ಡದು ಕತ್ತರಿಯನ್ನು ಹಳೆಯ ಕಾಂಚಳಿಯಿಂದ ದೂರ ಇಟ್ಟದ್ದು.

ಇನ್ನು ನಮ್ಮ ಗೋಣಿಚೀಲದ ಕಥೆ. ಸಂಘದ ಹೊಲಿಗೆ ಕೋಣೆಯಲ್ಲಿ ಶಾಲೆಯ ಸಮವಸ್ತ್ರ, ಜಂಪರು, ಲಂಗ ಹೊಲಿಯುತ್ತ ಚೂರು ಬೀಳುತ್ತಿತ್ತು. ಮೊದಮೊದಲು ಬಚ್ಚಲ ಒಲೆಗೆ ಹಾಕುತ್ತಿದ್ದೆವು. ಪಾಲಿಯೆಸ್ಟರು ಉರಿದರೆ ಬರುವ ನಾತಕ್ಕೆ ಒಬ್ಬರು ಕೆಮ್ಮಿ ಕೆಮ್ಮಿ ಸುಸ್ತಾದ ಮೇಲೆ ಆ ಚಾಳಿ ಬಿಟ್ಟೆವು. ಚೂರನ್ನು ಚೀಲಕ್ಕೆ ತುಂಬಿದೆವು. ಚೀಲ ತುಂಬಿದಾಗ ಏನಾದರೂ ಮಾಡಲೇಬೇಕಾಯಿತು.

ಮೊದಲು ಮಾಡಿದ್ದು ಕೂದಲ ಪಟ್ಟಿ. ಹದಿನೆಂಟು ಅಂಗುಲ ಉದ್ದ, ಮೂರೂವರೆ ಅಂಗುಲ ಅಗಲದ ಅರಿವೆ. ಉದ್ದದ ತುಂಡು ಸಿಗದಿದ್ದರೆ ಮೂರು ನಾಲ್ಕು ಚೂರು ಸೇರಿಸಿದರೂ ಆಯಿತು, ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಒಳಮುಖ ಮಾಡಿ ಹೊಲಿದು, ಪಿನ್ನು ಸಿಕ್ಕಿಸಿ ಮಗುಚಿ, ಏಳು ಅಂಗುಲದ ಎಲಾಸ್ಟಿಕ್ಕು ತೂರಿಸಿ ಗಂಟು ಹಾಕಿ ಬಾಯಿ ಮುಚ್ಚುವುದು. ಶಾಲೆಯ ಹುಡುಗಿಯರು ಮುಗಿಬಿದ್ದರು. ಎರಡನೇ ಸಲ ಉಳಿತಾಯವಾಗಲಿ ಎಂದು ಅಗ್ಗದ ಎಲಾಸ್ಟಿಕ್ಕು ತಂದೆವು. ತಿಂಗಳೊಳಗೆ ಜೋಲುಬಿದ್ದು ಮಾಲೆಲ್ಲ ವಾಪಸು ಬಂತು. ಆಗ ಕಲಿತದ್ದು, ಅರಿವೆಯ ಒಂದು ಬದಿಯಲ್ಲಿ ಸಣ್ಣ ಬಾಯಿ ಬಿಟ್ಟು ಹೊಲಿದರೆ ಎಲಾಸ್ಟಿಕ್ಕು ಸತ್ತ ಮೇಲೆ ಬೇರೆ ಹಾಕಿಕೊಳ್ಳಬಹುದು. ಲಂಗಕ್ಕೆ ಲಾಡಿ ಪೋಣಿಸಿ ಅಭ್ಯಾಸವಿದ್ದವರಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಮುಖ ಒರೆಸುವ ಬಿಲ್ಲೆಗೆ ಬಳೆ ಇಟ್ಟು ಗೆರೆ ಎಳೆದು ಕತ್ತರಿಸಿದೆವು. ದೊಡ್ಡವರ ಕೈಬಳೆಯ ಅಳತೆ ಸರಿಯಾಗುತ್ತದೆ. ಮೇಲೆ ಕೆಳಗೆ ಹಳೆಯ ಹತ್ತಿ ಸೀರೆ, ನಡುವೆ ಹಳೆಯ ಟವೆಲಿನ ಒಂದು ಪದರ, ಸುತ್ತಲೂ ಓರೆ ಪಟ್ಟಿಯ ಅಂಚು. ಅಂದ ಕಾಣಲಿ ಅಂತ ಅಂಚಿಗೆ ಕೆಂಪು ಹಾಕಿದೆವು. ಅದೇ ಮುಳುವಾಯಿತು. ಮದುವೆ ಮನೆಯೊಂದಕ್ಕೆ ಎರಡು ಡಜನ್ ಕೊಟ್ಟಿದ್ದೆವು. ಮದುಮಗಳು ಅರಿಶಿನ ಒರೆಸಿಕೊಂಡಾಗ ಕೆನ್ನೆ ಮೇಲೆ ಕೆಂಪು ಗೆರೆ! ಬಣ್ಣ ಬಿಡುವ ಅರಿವೆಯನ್ನು ನೋಡದೆ ಹಾಕಿದ್ದು ನಮ್ಮದೇ ತಪ್ಪು. ದುಡ್ಡು ವಾಪಸು ಕೊಟ್ಟೆವು, ಬೈಸಿಕೊಂಡೆವು. ಅಂದಿನಿಂದ ಯಾವ ಚೂರನ್ನೇ ಆಗಲಿ ಉಪ್ಪು ನೀರಲ್ಲಿ ರಾತ್ರಿ ನೆನೆಹಾಕಿ, ಒಗೆದು, ಬಿಸಿಲಲ್ಲಿ ಒಣಗಿಸಿದ ಮೇಲೆಯೇ ಮೇಜಿಗೆ ತರುವುದು. ಬಳಸುವವರಿಗೂ ಹೇಳುತ್ತೇವೆ: ಒರೆಸಿದ ದಿನವೇ ಸೋಪು ಹಾಕಿ ತೊಳೆಯಿರಿ, ಬಿಸಿಲಿಗೇ ಹಾಕಿ, ಒದ್ದೆಯಾಗಿ ಮೂಲೆಯಲ್ಲಿ ಎಸೆದರೆ ಬೂಜು ಹಿಡಿದು ಮುಖಕ್ಕೆ ಗುಳ್ಳೆ ಏಳುತ್ತದೆ.

ಜೀನ್ಸು ಚೂರಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಬಳ್ಳಾರಿಯ ಜೀನ್ಸು ಹೊಲಿಗೆ ದೇಶಕ್ಕೇ ಗೊತ್ತು. ಅದರ ಚೂರು ಮುಖಕ್ಕೆ ಆಗದು, ಗಡಸು. ಆದರೆ ಬಾಚಣಿಗೆ ಕಾಡಿಗೆ ಇಡುವ ಚೀಲಕ್ಕೆ ಅದರಷ್ಟು ಗಟ್ಟಿ ಬೇರೆ ಇಲ್ಲ. ನಾವು ಅದನ್ನು ಮೂರು ಜೇಬಿನ ಚಂಚಿ ಮಾಡಿಯೇ ಹೊಲಿಯುತ್ತೇವೆ. ಕಾಲೇಜು ಹುಡುಗಿಯರು ಹೊಸ ಫ್ಯಾಷನ್ ಅಂತ ಕೊಳ್ಳುತ್ತಾರೆ, ನಾವು ಸುಮ್ಮನೆ ನಗುತ್ತೇವೆ.

ಇಷ್ಟೆಲ್ಲ ಮಾಡಿದರೂ ಚೀಲ ಖಾಲಿಯಾಗುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಹತ್ತಿ ಚೂರಿಗೆ ಎಲ್ಲಾದರೂ ಜಾಗ ಸಿಗುತ್ತದೆ. ಪಾಲಿಯೆಸ್ಟರು ಹೆಚ್ಚೆಂದರೆ ದಿಂಬಿನ ಹೊಟ್ಟೆಗೆ. ಊರಲ್ಲಿ ಎಷ್ಟು ದಿಂಬು ಬೇಕು? ಲಾಭದ ಮಾತೂ ಅಷ್ಟೆ. ಅರಿವೆ ಪುಕ್ಕಟೆ, ಸಮಯ ಪುಕ್ಕಟೆ ಅಲ್ಲ. ಒಂದು ಬಿಲ್ಲೆಗೆ ಹಿಡಿಯುವ ಹೊತ್ತನ್ನು ಕೂಲಿಯಲ್ಲಿ ಲೆಕ್ಕ ಹಾಕಿದರೆ ಅಂಗಡಿಯ ಹತ್ತಿಗಿಂತ ತುಟ್ಟಿ. ಹೆಂಗಸರ ಬಿಡುವಿಗೆ ಬೆಲೆ ಇಲ್ಲ ಅಂತ ಹಿಡಿದರೆ ಮಾತ್ರ ಇದು ಅಗ್ಗ. ಚೂರು ಸಾಮಾನಿಗೆ ಕೂಲಿ ಹಾಕುವುದು ಬೇಡ, ಅದು ಮಿಕ್ಕಿದ್ದರಲ್ಲಿ ಮಾಡಿದ್ದು ತಾನೇ ಎಂದು ಸಭೆಯಲ್ಲಿ ಒಬ್ಬ ಹಿರಿಯರು ಅಂದಾಗ ನಾವು ಎದ್ದು ನಿಂತೆವು. ಅರಿವೆ ಮಿಕ್ಕಿದ್ದಿರಬಹುದು ಯಜಮಾನರೇ, ಕೈ ಮಿಕ್ಕಿದ್ದಲ್ಲ ಅಂದೆವು. ಎರಡು ಸಭೆ ಜಗ್ಗಾಡಿ ಕೊನೆಗೆ ತುಂಡಿಗಿಷ್ಟು ಎಂದು ಕೂಲಿ ಗೊತ್ತುಮಾಡಿ ಠರಾವು ಆಯಿತು.

ಇನ್ನೊಂದು ಠರಾವಿನ ಸಂಗತಿ ಹೇಳಿ ನಿಲ್ಲಿಸುತ್ತೇವೆ. ಒಂದು ಮಧ್ಯಾಹ್ನ ತಾಂಡಾದಿಂದ ವಯಸ್ಸಾದ ಯಾಡಿಯೊಬ್ಬರು ಬಂದರು. ಕೈಚೀಲದಿಂದ ಒಂದು ಕಾಂಚಳಿ ತೆಗೆದು ಮೇಜಿನ ಮೇಲಿಟ್ಟರು. ತೋಳು ಸವೆದಿತ್ತು, ಎದೆಯ ಭಾಗದ ಕನ್ನಡಿಗಳು ಮಾತ್ರ ಹಾಗೇ ಹೊಳೆಯುತ್ತಿದ್ದವು.

‘ತಗಳ್ರವ್ವಾ, ಇದನ್ನ ಕತ್ರಿಸಿ ಹುಡಿಗೇರ ಜಡೀ ಪಟ್ಟಿಗೆ ಹಚ್ರಿ. ಛಂದ ಕಾಣ್ತೈತಿ. ಏನಾರ ನಾಕು ರೂಪಾಯಿ ಕೊಡ್ರಿ.’

‘ಯಾಡಿ, ಇದು ನಿಮ್ಮ ಕೈಯಾಗ ಹೊಲಿದದ್ದೇನು?’

‘ನಮ್ಮವ್ವ ಹೊಲಿದಾಳ. ನನ ಮದಿವಿಗೆ.’

ನಮ್ಮಲ್ಲಿ ಇಬ್ಬರಿಗೆ ತೆಗೆದುಕೊಳ್ಳೋಣ ಅನ್ನಿಸಿತ್ತು, ನಿಜ ಹೇಳಬೇಕು. ಅಂಥ ಕನ್ನಡಿ ಕೆಲಸ ಹಚ್ಚಿದರೆ ಪಟ್ಟಿಗೆ ನಾಲ್ಕು ಪಟ್ಟು ಬೆಲೆ. ಉಳಿದವರು ಬೇಡ ಅಂದೆವು. ಮುಂದಿನ ಸಭೆಯಲ್ಲಿ ಅದು ಬರವಣಿಗೆಗೂ ಬಂತು: ಯಾರ ಮನೆಯದೇ ಆಗಲಿ, ಇಡೀ ಉಡುಪನ್ನು ಸಂಘದಲ್ಲಿ ಕತ್ತರಿಸತಕ್ಕದ್ದಲ್ಲ. ಅಂದು ಮಾತ್ರ ಯಾಡಿಗೆ ನಿರಾಸೆಯಾಯಿತು. ದುಡ್ಡಿನ ಆಸೆಯಿಂದ ಬಂದಿದ್ದವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನಾವು ಚಹಾ ಕೊಟ್ಟೆವು. ತಾಂಡಾದ ಹುಡುಗಿಯರಿಗೆ ವಾರಕ್ಕೆರಡು ದಿನ ಹೊಲಿಗೆ ತೋರಿಸಿಕೊಡಿ, ಅದಕ್ಕೆ ಸಂಘದಿಂದ ಕೂಲಿ ಕೊಡಿಸುತ್ತೇವೆ ಎಂದು ಕೇಳಿದೆವು. ಕಣ್ಣು ಸರಿಯಾಗಿ ಕಾಣೋದಿಲ್ಲ ಅಂದರು. ಆಮೇಲೆ, ನೋಡೋಣ ಅಂದರು.

ಏಳುವ ಮುಂದೆ ಬಾಗಿಲ ಮರೆಯ ಚೀಲ ಕಣ್ಣಿಗೆ ಬಿತ್ತು. ‘ಅದ್ರಾಗ ಕೆಂಪು ಅರಿವಿ ಐತೇನು? ತೋಳಿಗೆ ತ್ಯಾಪಿ ಹಾಕ್ಬೇಕು’ ಅಂದರು. ಚೀಲವನ್ನು ನೆಲಕ್ಕೆ ಸುರುವಿದೆವು. ಯಾಡಿ ಕಾಲು ಚಾಚಿ ಕೂತು ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ಬದಿಗಿಟ್ಟರು. ಅರ್ಧ ಗಂಟೆಯಾದ ಮೇಲೆ ಅಂಗೈ ಅಗಲದ ಒಂದು ತುಂಡು ಆರಿಸಿದರು. ಅದರ ಮೂಲೆಯನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ, ನಮ್ಮ ಮೇಜಿನ ಮೇಲಿದ್ದ ರಸೀದಿ ಪುಸ್ತಕದ ಬಿಳಿ ಹಾಳೆಗೆ ಉಜ್ಜಿದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಣ್ಣ ಬಿಟ್ಟಿರಲಿಲ್ಲ. ತುಂಡನ್ನು ಕಾಂಚಳಿಯೊಳಗೆ ಮಡಚಿ ಇಟ್ಟುಕೊಂಡು ಹೊರಟರು.